ಕರೆ ಬಂದರೂ ಮೊಳಗದ ಫೋನು



ಮೈಸೂರಿನಲ್ಲಿ ಮಧ್ಯಾಹ್ನ ಒಂದೂವರೆಯಾದಾಗ ಚಳಿಗಾಲದ ನ್ಯೂಯಾರ್ಕಿನಲ್ಲಿ ನಸುಕಿನ ಮೂರು ಗಂಟೆ. ತಂದೆಯವರನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಊರಿನಿಂದ ಬರುವುದು ಇಂತಹ ಹೊತ್ತಿನಲ್ಲೇ. ತಲೆದಿಂಬಿನ ಪಕ್ಕದ ಫೋನು ಮಾತ್ರ ಸದ್ದಿಲ್ಲದೆ ಮಲಗಿರುತ್ತದೆ. ಬೆಳಗ್ಗೆ ನೋಡಿದರೆ ತಪ್ಪಿಹೋದ ಕರೆಗಳ ಸಾಲು! ಫೋನು ಕೆಟ್ಟಿತೆಂದು ನಾವು ದೂರುತ್ತೇವೆ. ಅನೇಕ ವೇಳೆ ಅದು ಕೆಟ್ಟಿರುವುದಿಲ್ಲ. ನಾವೇ ಎಂದೋ ಕೊಟ್ಟು ಮರೆತ ಆಜ್ಞೆಯನ್ನು ಪಾಲಿಸುತ್ತಿರುತ್ತದೆ.

ಮೊದಲು ಮನೆಯವರ ಫೋನಿನಿಂದ ಕರೆ ಮಾಡಿ ಪರೀಕ್ಷಿಸೋಣ. ಆ ಕರೆ ತಪ್ಪಿದ ಕರೆಗಳ ಪಟ್ಟಿಯಲ್ಲಿ ಕಂಡರೆ, ಕರೆ ತಲುಪಿದೆ, ಗಂಟೆ ಮಾತ್ರ ಬಾರಿಸಿಲ್ಲ ಎಂದರ್ಥ. ಕಾಣದಿದ್ದರೆ ಸಿಗ್ನಲ್, ಏರ್‌ಪ್ಲೇನ್ ಮೋಡ್, ಕಾಲ್ ಫಾರ್ವರ್ಡಿಂಗ್ ಹಾಗೂ ತಡೆಹಿಡಿದ ಸಂಖ್ಯೆಗಳ ಪಟ್ಟಿಯನ್ನು ನೋಡಬೇಕು.

ಕರೆ ತಲುಪಿಯೂ ಗಂಟೆ ಮೊಳಗದಿರಲು ಮುಖ್ಯವಾಗಿ ಮೂರು ಕಾರಣಗಳುಂಟು. ಮೊದಲನೆಯದು ಧ್ವನಿಯ ಮಟ್ಟ. ಹಾಡಿನ ಧ್ವನಿ ಬೇರೆ, ಕರೆಗಂಟೆಯ ಧ್ವನಿ ಬೇರೆ. ಹಾಡು ಜೋರಾಗಿ ಕೇಳಿತೆಂದು ಗಂಟೆಯೂ ಕೇಳಿಸೀತೆಂದು ನಂಬುವಂತಿಲ್ಲ. ಹಳೆಯ ಐಫೋನುಗಳ ಎಡಬದಿಯ ಪುಟ್ಟ ಸ್ವಿಚ್ಚಿನಲ್ಲಿ ಕಿತ್ತಳೆ ಬಣ್ಣ ಕಂಡರೆ ಗಂಟೆಯನ್ನು ಅಡಗಿಸಲಾಗಿದೆ ಎಂದೇ ತಿಳಿಯಬೇಕು. ಎರಡನೆಯದು ಡು ನಾಟ್ ಡಿಸ್ಟರ್ಬ್. ರಾತ್ರಿಯ ನಿದ್ರೆಗೆಂದು ಒಮ್ಮೆ ವೇಳೆ ನಿಗದಿಪಡಿಸಿದರೆ ಪ್ರತಿರಾತ್ರಿಯೂ ಅದು ತಾನಾಗಿಯೇ ಜಾರಿಗೆ ಬರುತ್ತದೆ. ಮೂರನೆಯದು ಅಪರಿಚಿತ ಸಂಖ್ಯೆಗಳನ್ನು ಮೌನಗೊಳಿಸುವ ಏರ್ಪಾಡು. ಐಫೋನಿನಲ್ಲಿ ಇದು 2019ರಲ್ಲಿಯೂ ವಾಟ್ಸಾಪಿನಲ್ಲಿ 2023ರಲ್ಲಿಯೂ ಬಂದಿತು. ಮಾರಾಟಗಾರರ ಕಾಟವನ್ನು ತಪ್ಪಿಸಲು ಇದು ಒಳ್ಳೆಯದೇ. ಆದರೆ ಆಸ್ಪತ್ರೆಯಿಂದ ಕರೆ ಮಾಡುವ ನೆರೆಮನೆಯವರ ಸಂಖ್ಯೆ ನಮ್ಮಲ್ಲಿರದಿದ್ದರೆ, ಫೋನಿನ ಪಾಲಿಗೆ ಅವರೂ ಅಪರಿಚಿತರೇ.

ಹಾಗೆಂದು ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟು ನಿದ್ರೆಗೆಡಬೇಕಾಗಿಲ್ಲ. ಒಂದು ಕಿಟಕಿಯನ್ನು ತೆರೆದಿಟ್ಟರೆ ಸಾಕು. ತಂದೆತಾಯಿ, ಒಡಹುಟ್ಟಿದವರು, ನೆರೆಯವರು, ವೈದ್ಯರು, ಇವರೆಲ್ಲರ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳೋಣ. ಐಫೋನಿನಲ್ಲಿ ಆಯಾ ಹೆಸರಿನ ರಿಂಗ್‌ಟೋನ್ ಪುಟದಲ್ಲಿರುವ ಎಮರ್ಜೆನ್ಸಿ ಬೈಪಾಸನ್ನು ಚಾಲೂ ಮಾಡಿದರೆ, ಫೋನು ಮೌನದಲ್ಲಿದ್ದರೂ ಅವರ ಕರೆ ಮೊಳಗುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಆ ಹೆಸರುಗಳಿಗೆ ನಕ್ಷತ್ರದ ಗುರುತಿಟ್ಟು, ಡು ನಾಟ್ ಡಿಸ್ಟರ್ಬ್ ವೇಳೆಯಲ್ಲಿ ನಕ್ಷತ್ರದವರ ಕರೆಗಳಿಗೆ ಅನುಮತಿ ನೀಡಬೇಕು. ತುರ್ತಿನಲ್ಲಿ ವಾಟ್ಸಾಪನ್ನೇ ನೆಚ್ಚದೆ ನೇರವಾಗಿ ಕರೆ ಮಾಡುವಂತೆ ಊರಿನವರಿಗೆ ತಿಳಿಸಿ, ಅವರ ಫೋನಿನಲ್ಲಿ ಐಎಸ್‌ಡಿ ಸೌಲಭ್ಯವಿದೆಯೇ ಎಂಬುದನ್ನೂ ವಿಚಾರಿಸಬೇಕು.

ಇಷ್ಟಾದ ಮೇಲೆ ಒಂದು ರಾತ್ರಿ ಊರಿನಿಂದಲೇ ಕರೆ ಮಾಡಿಸಿ ಪರೀಕ್ಷಿಸೋಣ. ಆ ರಾತ್ರಿ ಐದು ನಿಮಿಷದ ನಿದ್ರೆ ಕೆಟ್ಟೀತು. ಮುಂದಿನ ರಾತ್ರಿಗಳಲ್ಲಿ ನೆಮ್ಮದಿಯಿಂದ ಮಲಗಬಹುದು.