ಎರಡು ಬಾಗಿಲಿನ ಕಾಡು

ಹೊಸೂರು ಸೀಮೆಯ ಕೇಳುಗರೇ, ಗೆಳೆಯರೊಡನೆ ಒಂದು ದಿನದ ಮಟ್ಟಿಗೆ ಬನ್ನೇರುಘಟ್ಟಕ್ಕೆ ಹೊರಟಿದ್ದೀರಾ? ಅತ್ತಿಬೆಲೆ, ಆನೇಕಲ್, ಜಿಗಣಿ ಮಾರ್ಗವಾಗಿ ಹೋಗಬಹುದು. ಮಂಗಳವಾರ ಮಾತ್ರ ಬೇಡ, ಅಂದು ರಜೆ.

ಸಫಾರಿಗೆ ಸ್ವಂತ ಗಾಡಿ ಬಿಡುವುದಿಲ್ಲ. ಕಿಟಕಿಗೆ ಜಾಲರಿ ಬಿಗಿದ ಉದ್ಯಾನದ ವಾಹನವನ್ನೇ ಹತ್ತಬೇಕು. ಹುಲಿ, ಸಿಂಹಗಳ ಆವರಣದ ಬಾಗಿಲನ್ನು ಗಮನಿಸಿ. ಅದು ಒಂದಲ್ಲ, ಎರಡು. ಬಸ್ಸು ಮೊದಲನೆಯದನ್ನು ದಾಟಿ ನಿಂತು, ಹಿಂದಿನ ಬಾಗಿಲು ಮುಚ್ಚಿದ ಮೇಲೆಯೇ ಮುಂದಿನದು ತೆರೆಯುತ್ತದೆ. ಹುಲಿ ನಿಮ್ಮತ್ತ ತಿರುಗಿಯೂ ನೋಡದಿದ್ದರೆ ಬೇಸರ ಬೇಡ. ದಿನವೂ ಕಾಣುವ ಬಸ್ಸು ಅದಕ್ಕೆ ನಮ್ಮೂರ ಎಮ್ಮೆಗೆ ಲಾರಿ ಇದ್ದಂತೆ. ಕೂಗಿದರೆ, ಕೈ ಹೊರಹಾಕಿದರೆ ಆ ರೂಢಿ ಕೆಡುತ್ತದೆ. ಸರ್ಕಸ್ಸಿನಲ್ಲಿ ಹುಲಿ, ಸಿಂಹಗಳನ್ನು ಆಡಿಸುವುದನ್ನು ಕೇಂದ್ರ ಸರ್ಕಾರ 1998ರಲ್ಲಿ ನಿಷೇಧಿಸಿತು. ಹಾಗೆ ಬಿಡುಗಡೆಯಾದ ಎಷ್ಟೋ ಮೃಗಗಳು ಮುಪ್ಪನ್ನು ಕಳೆದದ್ದು ಇಲ್ಲಿಯ ಪುನರ್ವಸತಿ ಕೇಂದ್ರದಲ್ಲಿ.

ನಿಜವಾದ ಕಾಡು ಇರುವುದು ಈ ಬೇಲಿಯ ಆಚೆಗೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಆ ಕಾಡು ತೆಂಕಲಲ್ಲಿ ನಮ್ಮ ತಳಿ, ಜವಳಗಿರಿ ಕಾಡಿಗೆ ಕೂಡಿಕೊಂಡಿದೆ. ರಾಗಿ ತೆನೆಗಟ್ಟುವ ಕಾಲಕ್ಕೆ ನಿಮ್ಮ ಹೊಲಕ್ಕೆ ಇಳಿಯುವ ಆನೆಹಿಂಡು ನಡೆದು ಬರುವುದು ಅದೇ ದಾರಿಯಲ್ಲಿ. ಅಲ್ಲಿ ಜೋಡಿ ಬಾಗಿಲೂ ಇಲ್ಲ, ಜಾಲರಿಯೂ ಇಲ್ಲ. ಆದುದರಿಂದ ಆ ಕಡೆಗೆ ಹಿಂತಿರುಗುವವರು ಕತ್ತಲಾಗುವ ಮುಂಚೆ ಊರು ಸೇರಿಕೊಳ್ಳಿ. ದಾರಿಯಲ್ಲಿ ಆನೆ ಕಂಡರೆ ದೂರದಲ್ಲೇ ಗಾಡಿ ನಿಲ್ಲಿಸಿ. ಹಾರನ್ ಬಾರಿಸಬೇಡಿ, ಅದು ದಾಟಿಹೋಗಲಿ.