ದೃಷ್ಟಿ, ಭೀತಿ ಮತ್ತು ಅವಧಾನ

ಮುಂಗಾರಿಗೆ ಮುನ್ನ ಕುಂದಗೋಳ ತಾಲೂಕಿನ ಯರಗುಪ್ಪಿಯ ಎರೆಹೊಲಗಳು ಬಿಸಿಲಿಗೆ ಬಾಯಿಬಿಟ್ಟಿರುತ್ತವೆ. ಆ ಬಿರುಕುಗಳಲ್ಲಿ ಹಾವುಗಳು ತಂಪನ್ನರಸಿ ಸೇರುವುದನ್ನು ರೈತರೆಲ್ಲರೂ ಬಲ್ಲರು. ಹೊತ್ತು ಮುಳುಗಿದ ಮೇಲೆ ಹೊಲದಿಂದ ಮರಳುವವನು ದಾರಿಯಲ್ಲಿ ಬಿದ್ದಿರುವ ಎತ್ತಿನ ಹಗ್ಗವನ್ನು ಕಂಡು ಥಟ್ಟನೆ ಹಿಂದಕ್ಕೆ ಹಾರುತ್ತಾನೆ. ಕಾಲು ಹಿಂದೆ ಸರಿದ ಬಳಿಕವೇ ‘ಹಾವು’ ಎಂಬ ಮಾತು ಬಾಯಿಗೆ ಬರುತ್ತದೆ; ಅದು ಹಗ್ಗವೆಂಬ ತಿಳಿವು ಇನ್ನೂ ತಡವಾಗಿ ಮೂಡುತ್ತದೆ. ಅದೇ ದಾರಿಯಲ್ಲಿ ಕಳೆದ ಹಗ್ಗವನ್ನೇ ಹುಡುಕುತ್ತ ಬಂದವನಿಗಾದರೋ ಹಾವು ಕಾಣುವುದಿಲ್ಲ. ಬೆಳಕು ಒಂದೇ, ವಸ್ತು ಒಂದೇ, ಕಣ್ಣಿನ ರಚನೆಯೂ ಒಂದೇ. ಭೇದವಿರುವುದು ನೋಡುವವನ ಒಳಗೆ. ನಮ್ಮ ನೋಟವು ನಮ್ಮ ಗುಪ್ತ ಭೀತಿಗಳನ್ನು ಕುರಿತು ಏನನ್ನು ಹೇಳಬಲ್ಲದು, ವೀರಶೈವ ಸಾಧನೆಗೂ ಈ ವಿಚಾರಕ್ಕೂ ಇರುವ ಸಂಬಂಧವೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಣ್ಣು ಲೋಕವನ್ನು ಇದ್ದಂತೆಯೇ ಒಳಗೆ ತಂದೊಪ್ಪಿಸುತ್ತದೆಂಬುದು ಸಾಮಾನ್ಯವಾದ ನಂಬಿಕೆ. ಶರೀರಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ಅಕ್ಷಿಪಟಲದಲ್ಲಿ ಎರಡು ಬಗೆಯ ದೃಷ್ಟಿಕೋಶಗಳಿವೆ. ಬಣ್ಣವನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷ; ಮಬ್ಬುಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳು ಸುಮಾರು 12 ಕೋಟಿ. ಅಕ್ಷಿಪಟಲದ ನಟ್ಟನಡುವೆ, ನೇರನೋಟದ ಬಿಂಬವು ಬೀಳುವ ಎಡೆಯಲ್ಲಿ, ದಂಡಕೋಶಗಳೇ ಇಲ್ಲ. ಆದುದರಿಂದ ಕತ್ತಲು ಕವಿದಾಗ ವಸ್ತುವನ್ನು ನೇರವಾಗಿ ದಿಟ್ಟಿಸಿದಷ್ಟೂ ಅದು ಮಸುಕಾಗುತ್ತದೆ. ಈ ಕೊರತೆಯನ್ನು ತುಂಬುವುದು ಮನಸ್ಸು. ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿಯೇ ನೋಟವೆಂಬುದು ಅರಿವಿಗೆ ಬಾರದೆ ನಡೆಯುವ ಒಂದು ಅನುಮಾನವೆಂದು ಪ್ರತಿಪಾದಿಸಿದನು. ನಮ್ಮ ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷವೂ ಅನುಮಾನವೂ ಬೇರೆ ಬೇರೆ ಪ್ರಮಾಣಗಳು. ಇಲ್ಲಿಯಾದರೋ ಪ್ರತ್ಯಕ್ಷದ ಗರ್ಭದಲ್ಲಿಯೇ ಅನುಮಾನವು ಅಡಗಿದೆ. ಆಡುಮಾತಿನಲ್ಲಿ ಅನುಮಾನವೆಂದರೆ ಸಂಶಯ. ಹೊಗೆಯಿಂದ ಬೆಂಕಿಯನ್ನು ತರ್ಕಿಸುವುದಕ್ಕೂ ಅಪರಿಚಿತನನ್ನು ಕಳ್ಳನೆಂದು ಶಂಕಿಸುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು ನಿಂತಿರುವುದು ಗಮನಾರ್ಹವಾಗಿದೆ.

ಹಾಗಾದರೆ ಮನಸ್ಸು ಆ ತೆರಪನ್ನು ಯಾವುದರಿಂದ ತುಂಬುತ್ತದೆ? ಸ್ವೀಡನ್ನಿನ ಮನೋವಿಜ್ಞಾನಿ ಅರ್ನೆ ಓಮನ್ ಮತ್ತು ಅವನ ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ಹೂವು, ಅಣಬೆಗಳ ಚಿತ್ರಗಳ ನಡುವೆ ಹಾವಿನದೋ ಜೇಡದ್ದೋ ಚಿತ್ರವೊಂದಿದ್ದರೆ ಜನರು ಅದನ್ನು ಬೇಗನೆ ಗುರುತಿಸಿದರು. ಹಾವುಗಳ ನಡುವಿನ ಹೂವನ್ನು ಅಷ್ಟು ಬೇಗ ಗುರುತಿಸಲಿಲ್ಲ. ಹಾವಿಗೆ ಅಂಜುವವರು ಹಾವನ್ನೂ ಜೇಡಕ್ಕೆ ಅಂಜುವವರು ಜೇಡವನ್ನೂ ಮತ್ತಷ್ಟು ಶೀಘ್ರವಾಗಿ ಕಂಡರು. ಭೀತಿಯು ತನ್ನ ವಿಷಯವನ್ನು ತಾನೇ ಅರಸಿಕೊಂಡು ಹೋಗುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಇದನ್ನು ಅತಿಯಾಗಿ ಹಿಗ್ಗಿಸಬಾರದು. ಸ್ವಿಟ್ಜರ್ಲೆಂಡಿನ ವೈದ್ಯ ಹರ್ಮನ್ ರೋರ್ಶಾಕ್ 1921ರಲ್ಲಿ ಮಸಿಯ ಕಲೆಗಳ 10 ಚಿತ್ರಗಳನ್ನು ಪ್ರಕಟಿಸಿ, ಅವುಗಳಲ್ಲಿ ಜನರು ಕಾಣುವ ಆಕೃತಿಗಳಿಂದ ಮನಸ್ಸನ್ನು ಪರೀಕ್ಷಿಸುವ ವಿಧಾನವನ್ನು ರೂಪಿಸಿದನು. ಅದರ ಪ್ರಾಮಾಣ್ಯವನ್ನು ಕುರಿತು ವಿದ್ವಾಂಸರಲ್ಲಿ ವಾದವು ಇನ್ನೂ ಮುಗಿದಿಲ್ಲ. ಒಂದು ಕಲೆಯಿಂದ ಒಬ್ಬನ ಅಂತರಂಗವನ್ನೆಲ್ಲ ಓದಲಾಗದು. ಒಮ್ಮೆ ಹಗ್ಗವನ್ನು ಹಾವೆಂದು ಬಗೆದವನನ್ನು ಅಂಜುಬುರುಕನೆನ್ನಲೂ ಆಗದು. ಆ ಎಚ್ಚರವು ಪ್ರಾಣರಕ್ಷಕವೇ ಸರಿ. ಆದರೆ ಒಂದೇ ಬಗೆಯ ಭ್ರಮೆಯು ಮರಳಿ ಮರಳಿ ಬರುತ್ತಿದ್ದರೆ, ದೀಪವನ್ನು ತಂದು ತೋರಿಸಿದ ಮೇಲೂ ಬಿಡದಿದ್ದರೆ, ಅದು ವಸ್ತುವನ್ನು ಕುರಿತ ಸಾಕ್ಷ್ಯವಲ್ಲ. ನಮ್ಮನ್ನು ಕುರಿತ ಸಾಕ್ಷ್ಯ.

ಹಗ್ಗ-ಹಾವಿನ ದೃಷ್ಟಾಂತವು ನಮ್ಮ ದರ್ಶನಗಳಿಗೆ ಹೊಸದಲ್ಲ. ಗೌಡಪಾದರ ಮಾಂಡೂಕ್ಯಕಾರಿಕೆಯಲ್ಲಿ ಅದು ಬಂದಿದೆ. ಅದ್ವೈತಿಗಳು ಈ ದೃಷ್ಟಾಂತದಿಂದ ಜಗತ್ತಿನ ಮಿಥ್ಯಾತ್ವವನ್ನು ಸಾಧಿಸುತ್ತಾರೆ. ಶಕ್ತಿವಿಶಿಷ್ಟಾದ್ವೈತಕ್ಕಾದರೋ ಜಗತ್ತು ಶಿವಶಕ್ತಿಯ ಪರಿಣಾಮವಾದುದರಿಂದ ಸತ್ಯವೇ. ಈ ನೆಲೆಯಿಂದ ನೋಡಿದಾಗ ದೃಷ್ಟಾಂತದ ಭಾರವು ಬೇರೆಡೆಗೆ ಸರಿಯುತ್ತದೆ. ಹಗ್ಗ ಸತ್ಯ, ದಾರಿ ಸತ್ಯ, ನಡೆಯುವವನೂ ಸತ್ಯ. ನಡುವೆ ಸೇರಿಕೊಂಡ ಹಾವಷ್ಟೇ ಮಲದ ಸೃಷ್ಟಿ. ಲೋಕವನ್ನು ಅಲ್ಲಗಳೆಯಬೇಕಾದುದಿಲ್ಲ, ನೋಟವನ್ನು ತೊಳೆಯಬೇಕು.

ಈ ಶುದ್ಧಿಯು ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಹಗ್ಗವನ್ನು ಹೊಡೆದರೆ ಅದಕ್ಕೆ ನೋವಿಲ್ಲ. ಅದೇ ಭ್ರಾಂತದೃಷ್ಟಿಯು ಮನುಷ್ಯನ ಮೇಲೆ ಬಿದ್ದರೆ ಆಗುವುದೇನು? 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿಯು ಮೊಬೈಲುಗಳ ಮೂಲಕ ನಾಡಿನಲ್ಲಿ ಹಬ್ಬಿತು. ಆ ವರ್ಷದ ಜುಲೈ 13ರಂದು ಬೀದರ ಜಿಲ್ಲೆಗೆ ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟಕ್ಕೇ ಸಂಶಯ ಹುಟ್ಟಿತು. ಮುರ್ಕಿ ಗ್ರಾಮದಲ್ಲಿ ಗುಂಪು ಅವರ ಮೇಲೆ ಬಿದ್ದಿತು. ಒಬ್ಬನು ಪ್ರಾಣವನ್ನೇ ಕಳೆದುಕೊಂಡನು. ಬಿಡಿಸಹೋದ ಪೊಲೀಸರೂ ಗಾಯಗೊಂಡರು. ಮಗುವಿಗೆ ಸಿಹಿಯನ್ನು ನೀಡಿದ ಕೈ, ಅಂಜಿದ ಕಣ್ಣಿಗೆ ಕಳ್ಳನ ಕೈಯಾಗಿ ಕಂಡಿತು. ತಮ್ಮ ಮಕ್ಕಳ ಮೇಲಿನ ಅಕ್ಕರೆಯೇ ಆ ಭೀತಿಯ ಬೇರು ಎಂಬುದನ್ನು ನೆನೆದರೆ ಈ ದುರಂತವು ಮತ್ತಷ್ಟು ದಾರುಣವೆನಿಸುತ್ತದೆ. ಬಸವಾದಿ ಶರಣರ ಕಲ್ಯಾಣವಿರುವುದೂ ಅದೇ ಜಿಲ್ಲೆಯಲ್ಲಿಯೇ. ಬಂದವನನ್ನು ಪರಕೀಯನೆಂದು ಕಾಣದೆ ತನ್ನವನೆಂದು ಕಾಣಬೇಕೆಂದು ಬಸವಣ್ಣನವರು ದೇವರಲ್ಲಿ ಮೊರೆಯಿಟ್ಟ ನೆಲವದು.

ಷಟ್‌ಸ್ಥಲಶಾಸ್ತ್ರವು ಪ್ರತಿಯೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನೂ ಒಂದೊಂದು ಸ್ಥಲವನ್ನೂ ಹೇಳುತ್ತದೆ. ನೇತ್ರದಲ್ಲಿ ಶಿವಲಿಂಗ, ಅದರ ಸ್ಥಲ ಪ್ರಸಾದಿಸ್ಥಲ, ಅದರ ಭಕ್ತಿ ಅವಧಾನಭಕ್ತಿ, ಅದರ ಹಸ್ತ ನಿರಹಂಕಾರ. ಕಣ್ಣಿಗೆ ಅವಧಾನವನ್ನೇ ಜೊತೆಗೂಡಿಸಿರುವ ಈ ವ್ಯವಸ್ಥೆಯ ಔಚಿತ್ಯವು ಈಗ ಸ್ಪಷ್ಟವಾಗದಿರದು. ಪ್ರಸಾದಿಯು ರೂಪವನ್ನು ಮೊದಲು ಲಿಂಗಕ್ಕರ್ಪಿಸಿ ಬಳಿಕ ತಾನು ನೋಡುತ್ತಾನೆ. ಅರ್ಪಿಸುವ ಆ ಒಂದು ಕ್ಷಣದ ತಡೆಯಲ್ಲಿ, ವಸ್ತುವಿಗೆ ತಾನು ಸೇರಿಸಿದ್ದೇನೆಂಬುದು ಅವನಿಗೆ ತಿಳಿದೀತು. ‘ನಾನು ಕಂಡದ್ದು ತಪ್ಪು’ ಎಂದು ಒಪ್ಪಿಕೊಳ್ಳಲು ಬೇಕಾದುದು ನಿರಹಂಕಾರವೇ. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಎವೆಯಿಕ್ಕದೆ ನೋಡುವ ನಿತ್ಯಪೂಜೆಯು ಈ ಅವಧಾನದ ಅಭ್ಯಾಸ. ಅಲ್ಲಮಪ್ರಭುವಿಗೆ ಲಿಂಗವು ದೊರೆತದ್ದು ಅನಿಮಿಷಯ್ಯನಿಂದ ಎಂದು ಹರಿಹರನ ರಗಳೆಯು ಹೇಳುತ್ತದೆ. ಆ ಗುರುವಿನ ಹೆಸರೇ ನೋಟದ ಸ್ಥೈರ್ಯವನ್ನು ಸೂಚಿಸುತ್ತದೆ. ಆದರೆ ಪೂಜೆಯಲ್ಲಿ ಸ್ಥಿರವಾದ ಕಣ್ಣು ಊರ ಬೀದಿಯಲ್ಲಿ ಅಪರಿಚಿತನನ್ನು ಕಂಡೊಡನೆ ಚಂಚಲವಾದರೆ ಆ ಸಾಧನೆಯು ಅಪೂರ್ಣವೆಂದೇ ತಿಳಿಯಬೇಕು.

ಭಯವು ಮನುಷ್ಯನಿಗೆ ಸಹಜ. ಅದನ್ನು ಪೂರ್ಣವಾಗಿ ಅಳಿಸಲು ಯಾರಿಗೂ ಸಾಧ್ಯವಾಗಲಿಕ್ಕಿಲ್ಲ. ಯರಗುಪ್ಪಿಯ ರೈತನು ನಾಳೆಯೂ ಹಗ್ಗವನ್ನು ಕಂಡು ಹಿಂದಕ್ಕೆ ಹಾರುವನು. ಅದರಲ್ಲಿ ತಪ್ಪೇನೂ ಇಲ್ಲ. ದೀಪವು ಬರುವ ತನಕ ಕೋಲನ್ನೆತ್ತದಿರುವುದು, ದೀಪ ಬಂದ ಮೇಲೆ ತನ್ನೊಳಗಿನ ಹಾವನ್ನು ಗುರುತಿಸಿಕೊಳ್ಳುವುದು, ಇಷ್ಟನ್ನು ಅವಧಾನಭಕ್ತಿಯು ನಮ್ಮೆಲ್ಲರಿಂದ ಅಪೇಕ್ಷಿಸುತ್ತದೆ.