ಸ್ವಿಂಗ್‌ನಲ್ಲಿ ಚಿತ್ರ ಬರೆಯುವಾಗ: ಕೆಲವು ತಪ್ಪು ತಿಳಿವಳಿಕೆಗಳು

ಜಾವಾದಲ್ಲಿ ಬಟನ್, ಟೆಕ್ಸ್ಟ್‌ಬಾಕ್ಸ್ ಜೋಡಿಸುವವರೆಗೆ ಹೆಚ್ಚು ತೊಂದರೆಯಿಲ್ಲ. ಸಿದ್ಧವಾಗಿ ಸಿಗದ ಚಿತ್ರವೊಂದನ್ನು ನಾವೇ ಬರೆಯಬೇಕಾದಾಗ ಕಷ್ಟ ಶುರುವಾಗುತ್ತದೆ. ಚೌಕಾಬಾರದ ಹಾಸನ್ನೇ ತೆಗೆದುಕೊಳ್ಳಿ: ಐದಕ್ಕೆ ಐದು, 25 ಮನೆ, ಅಡ್ಡಗೀಟಿನ ಕೆಲವು ಮನೆಗಳು, ಮೇಲೆ ಕಾಯಿಗಳು. ಬಟನ್, ಚಿತ್ರಗಳಿಗೆ ಬಳಸುವ ಸ್ವಿಂಗ್ ಲೈಬ್ರರಿ 1998ರ ಡಿಸೆಂಬರ್‌ನಲ್ಲಿ ಬಂದ ಜೆಡಿಕೆ 1.2ರಿಂದಲೂ ಜಾವಾದ ಭಾಗವಾಗಿದೆ. ಆದರೂ ಇಷ್ಟು ಸರಳ ಹಾಸನ್ನು ಅದರಲ್ಲಿ ಬರೆಯಲು ಹೊರಟವರು ಇಂದಿಗೂ ಅವೇ ಕೆಲವು ಕಡೆ ಎಡವುತ್ತಾರೆ. ಚಿತ್ರ ಬರೆಯುವುದು ನಮಗೆ ಬೇಕಾದ ಹೊತ್ತಿಗೆ ನಾವು ಮಾಡುವ ಕೆಲಸ ಎಂಬ ಎಣಿಕೆಯೇ ಇದಕ್ಕೆಲ್ಲ ಬಹುಮಟ್ಟಿಗೆ ಕಾರಣ.

ತಪ್ಪು ಕಲ್ಪನೆ: ಬಟನ್ ಒತ್ತಿದಾಗ ‘ಗೆಟ್‌ಗ್ರಾಫಿಕ್ಸ್’ ಕರೆದು ಗೆರೆ ಎಳೆದರೆ ಸಾಕು.

ಗೆರೆ ಕಾಣುತ್ತದೆ, ನಿಜ. ಹಾಗೆ ಕಾಣುವುದರಿಂದಲೇ ಈ ತಪ್ಪು ಇಷ್ಟು ಗಟ್ಟಿಯಾಗಿ ಉಳಿದಿದೆ. ವಿಂಡೋವನ್ನು ಒಮ್ಮೆ ಎಳೆದು ದೊಡ್ಡದು ಮಾಡಿ, ಗೆರೆ ಮಾಯ. ನೀವು ಎಳೆದದ್ದು ಗೆರೆ ಎಂಬ ವಿಷಯ ಪ್ಯಾನೆಲ್‌ಗೆ ಗೊತ್ತೇ ಇಲ್ಲ. ಆ ಕ್ಷಣಕ್ಕೆ ಕೆಲವು ಪಿಕ್ಸೆಲ್‌ಗಳ ಬಣ್ಣ ಬದಲಾಯಿತು, ಅಷ್ಟೇ. ಗಾತ್ರ ಬದಲಾದಾಗ, ಮುಚ್ಚಿದ್ದ ಟ್ಯಾಬ್ ತೆರೆದಾಗ, ಮೇಲಿದ್ದ ಮೆನು ಸರಿದಾಗ ಸ್ವಿಂಗ್ ಆ ಜಾಗವನ್ನು ಮತ್ತೆ ಬರೆಸುತ್ತದೆ. ಯಾವಾಗ, ಎಷ್ಟು ಸಲ ಎಂಬುದು ಅದರ ಲೆಕ್ಕ. ಆಗೆಲ್ಲ ಅದು ಕರೆಯುವುದು ‘ಪೇಂಟ್‌ಕಾಂಪೊನೆಂಟ್’ ಎಂಬ ಮೆಥಡ್ಡನ್ನು. ಈಗ ನೀನು ಹೇಗೆ ಕಾಣಬೇಕು ಎಂದು ಅದು ಕೇಳುತ್ತದೆ, ನಮ್ಮ ಕೋಡ್ ಉತ್ತರಿಸಬೇಕು.

ಉತ್ತರಿಸಲು ನೆನಪು ಬೇಕು. ಯಾವ ಕಾಯಿ ಯಾವ ಮನೆಯಲ್ಲಿದೆ ಎಂಬುದು ಒಂದು ಅರೇಯಲ್ಲಿ ಇರಲಿ. ಆಟಗಾರ ಕಾಯಿ ನಡೆಸಿದಾಗ ಬದಲಾಗಬೇಕಾದದ್ದು ಆ ಅರೇ. ‘ಪೇಂಟ್‌ಕಾಂಪೊನೆಂಟ್’ ಅದನ್ನು ಓದಿ ಇಡೀ ಹಾಸನ್ನು ಬರೆಯಲಿ, ಬೇರೇನನ್ನೂ ಮಾಡದಿರಲಿ. ಸರದಿ ಮುಂದೂಡುವ, ಕವಡೆ ಎಸೆಯುವ ಸಾಲುಗಳನ್ನು ಅಲ್ಲಿ ತುರುಕಿದರೆ ವಿಂಡೋ ಎಳೆದಾಡಿದಷ್ಟೂ ಆಟ ತಾನಾಗಿಯೇ ಮುಂದೆ ಹೋಗುತ್ತದೆ. ಈ ಒಂದು ವಿಂಗಡಣೆ ಕೈಗೆ ಹತ್ತಿದರೆ ಉಳಿದ ಮುಕ್ಕಾಲು ಗೊಂದಲ ಹುಟ್ಟುವುದೇ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ತಪ್ಪು ಕಲ್ಪನೆ: ‘ರೀಪೇಂಟ್’ ಅಂದರೆ ಈ ಕ್ಷಣವೇ ಬರೆ ಎಂಬ ಆಜ್ಞೆ.

ಅದು ಅರ್ಜಿ. ಬೆನ್ನುಬೆನ್ನಿಗೆ ಹತ್ತು ಅರ್ಜಿ ಹಾಕಿದರೆ ಸ್ವಿಂಗ್ ಅವನ್ನು ಒಟ್ಟುಗೂಡಿಸಿ ಒಮ್ಮೆಯೇ ಬರೆಸಬಹುದು. ಕಾಯಿ ಒಂದೊಂದೇ ಮನೆ ಹೆಜ್ಜೆಯಿಡುವುದನ್ನು ತೋರಿಸಬೇಕೆಂದು ಬಟನ್‌ನ ಲಿಸನರ್ ಒಳಗೇ ಲೂಪ್ ಹಾಕಿ, ಪ್ರತಿ ಸುತ್ತಿಗೂ ‘ರೀಪೇಂಟ್’ ಕರೆದು, ‘ಸ್ಲೀಪ್’ ಕೊಡುವವರು ಬಹಳ. ಫಲವೆಂದರೆ ವಿಂಡೋ ಹೆಪ್ಪುಗಟ್ಟಿ ನಿಂತು, ಕಾಯಿ ಕೊನೆಯ ಮನೆಗೆ ಒಮ್ಮೆಲೇ ಹಾರುತ್ತದೆ. ಬಟನ್ ಒತ್ತಿದ್ದನ್ನು ಗಮನಿಸುವುದೂ ಚಿತ್ರ ಬರೆಯುವುದೂ ಒಂದೇ ಥ್ರೆಡ್ಡಿನ ಕೆಲಸ. ಅದನ್ನು ಮಲಗಿಸಿಟ್ಟರೆ ಬರೆಯುವವರು ಯಾರು? ಸ್ವಿಂಗ್‌ನದೇ ಟೈಮರ್ ಬಳಸಿ. ಪ್ರತಿ ಟಿಕ್‌ಗೆ ಕಾಯಿಯ ಸ್ಥಾನ ಒಂದು ಹೆಜ್ಜೆ ಬದಲಿಸಿ, ‘ರೀಪೇಂಟ್’ ಕರೆದು, ಕೂಡಲೇ ಹಿಂದಿರುಗಿ.

ತಪ್ಪು ಕಲ್ಪನೆ: ‘ಸೂಪರ್’ ಸಾಲು ಬರೀ ಶಾಸ್ತ್ರಕ್ಕೆ.

‘ಸೂಪರ್ ಡಾಟ್ ಪೇಂಟ್‌ಕಾಂಪೊನೆಂಟ್’ ಸಾಲು ಜೆಪ್ಯಾನೆಲ್‌ನ ಹಿನ್ನೆಲೆಯನ್ನು ಬಳಿಯುತ್ತದೆ. ಅದಿಲ್ಲದಿದ್ದರೆ ಕಾಯಿ ನಡೆದ ದಾರಿಯುದ್ದಕ್ಕೂ ಹಳೆಯ ಕಾಯಿಗಳು ಉಳಿದುಬಿಡಬಹುದು.

ತಪ್ಪು ಕಲ್ಪನೆ: ಚಿತ್ರ ಮಿನುಗದಿರಲು ಡಬಲ್ ಬಫರ್ ನಾವೇ ಕಟ್ಟಬೇಕು.

ಇದು ಸ್ವಿಂಗ್‌ಗಿಂತ ಹಿಂದಿನ ಎಡಬ್ಲ್ಯೂಟಿ ಕಾಲದ ಸಲಹೆ. ಸ್ವಿಂಗ್ ಮೊದಲು ಮರೆಯಲ್ಲಿ ಬರೆದು ಆಮೇಲೆ ಸ್ಕ್ರೀನಿಗೆ ತರುತ್ತದೆ. ಅದು ಅದರ ಸಹಜ ಸ್ಥಿತಿ. ಚಿತ್ರ ನಿಧಾನವಾದರೆ ‘ಪೇಂಟ್‌ಕಾಂಪೊನೆಂಟ್’ ಒಳಗೆ ಕಣ್ಣುಹಾಯಿಸಿ. ಕಾಯಿಯ ಚಿತ್ರವನ್ನು ಪ್ರತಿ ಸಲವೂ ಡಿಸ್ಕ್‌ನಿಂದ ಓದುವ ಸಾಲೊಂದು ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ.

ತಪ್ಪು ಕಲ್ಪನೆ: ನನ್ನ ಸ್ಕ್ರೀನಿನಲ್ಲಿ ಸರಿ ಕಂಡರೆ ಎಲ್ಲ ಕಡೆಯೂ ಸರಿ.

ಲ್ಯಾಪ್‌ಟಾಪ್‌ಗಳಲ್ಲಿ 125, 150 ಪ್ರತಿಶತ ಸ್ಕೇಲಿಂಗ್ ಈಗ ಮಾಮೂಲು. 2017ರ ಜಾವಾ 9ರಿಂದ ವಿಂಡೋಸ್‌ನಲ್ಲೂ ಸ್ವಿಂಗ್ ಇದನ್ನು ತಾನೇ ಪಾಲಿಸುತ್ತದೆ. 125 ಪ್ರತಿಶತದಲ್ಲಿ ನಿಮ್ಮ 100 ಅಗಲದ ಮನೆ ಸ್ಕ್ರೀನಿನ 125 ಪಿಕ್ಸೆಲ್ ತೆಗೆದುಕೊಳ್ಳುತ್ತದೆ. ಗೆರೆ, ವೃತ್ತಗಳು ಚೊಕ್ಕವಾಗಿಯೇ ಇರುತ್ತವೆ, 100 ಪಿಕ್ಸೆಲ್‌ನ ಫೋಟೊ ಹಿಗ್ಗಿ ಮಸುಕಾಗುತ್ತದೆ. ಮನೆಯ ಅಳತೆಯನ್ನು ಸಂಖ್ಯೆಯಾಗಿ ಬರೆದಿಡದೆ, ಬರೆಯುವ ಹೊತ್ತಿನ ಪ್ಯಾನೆಲ್‌ನ ಅಗಲ, ಎತ್ತರವನ್ನು ಐದರಿಂದ ಭಾಗಿಸಿ ಪಡೆಯಿರಿ.

ತಪ್ಪು ಕಲ್ಪನೆ: ಅಕ್ಷರ ಬರೆಯುವುದು ಎಲ್ಲಕ್ಕಿಂತ ಸುಲಭ.

ಇಂಗ್ಲಿಷಿಗೆ ಇರಬಹುದು. ‘ಡ್ರಾಸ್ಟ್ರಿಂಗ್’‌ಗೆ ಕೊಡುವ ಎತ್ತರ ಅಕ್ಷರದ ತಲೆಯದಲ್ಲ, ಅದು ಕೂರುವ ಗೆರೆಯದು. ಸೊನ್ನೆ, ಸೊನ್ನೆ ಎಂದು ಕೊಟ್ಟು ಕನ್ನಡ ಬರೆದರೆ ಅಕ್ಷರಗಳು ಪ್ಯಾನೆಲ್‌ನ ಮೇಲಂಚಿನಾಚೆ ಹೋಗಿ, ಒತ್ತುಗಳು ಮಾತ್ರ ಇಣುಕುತ್ತವೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಪಠ್ಯ ನೋಡಿ ಅಂದಾಜಿಸಿದರೆ ಅದೇ ಒತ್ತುಗಳು ಕೆಳಸಾಲಿಗೆ ತಾಗುತ್ತವೆ. ‘ಫಾಂಟ್‌ಮೆಟ್ರಿಕ್ಸ್’ ಹೇಳುವ ಎತ್ತರವನ್ನೇ ನಂಬಿ.

ದೊಡ್ಡ ಅನಾಹುತ ಆಗುವುದು ಪದವನ್ನು ಬಿಡಿಬಿಡಿಯಾಗಿ ಬರೆದಾಗ. ಅಕ್ಷರಗಳು ಒಂದೊಂದೇ ಮೂಡಿಬರಲಿ ಎಂದೋ ನಡುವಿನ ಅಂತರ ಹೆಚ್ಚಲೆಂದೋ ಲೂಪ್ ಹಾಕಿ ಒಂದೊಂದು ‘ಕ್ಯಾರೆಕ್ಟರ್’ ಬರೆಯುತ್ತಾರೆ. ನಮ್ಮ ಕಣ್ಣಿಗೆ ‘ಸ್ತ್ರೀ’ ಒಂದೇ ಅಕ್ಷರ, ಜಾವಾಕ್ಕೆ ಆರು: ಸ, ಹಲಂತ, ತ, ಹಲಂತ, ರ, ದೀರ್ಘದ ಚಿಹ್ನೆ. ‘ಅರ್ಥ’ದಲ್ಲಿ ಮೊದಲು ಸಂಗ್ರಹವಾಗುವ ರಕಾರ, ಬರೆಯುವಾಗ ಅರ್ಕಾವತ್ತಾಗಿ ಥಕಾರದ ಬಲಕ್ಕೆ ಹೋಗುತ್ತದೆ. ಇವನ್ನು ಕೂಡಿಸುವ ಕೆಲಸ ಜಾವಾ 9ರಿಂದ ಹಾರ್ಫ್‌ಬಝ್ ಎಂಬ ಎಂಜಿನ್‌ನದು. ಅದಕ್ಕೆ ಪೂರ್ತಿ ಪದ ಸಿಗಬೇಕು. ಬಿಡಿ ಅಗಲಗಳನ್ನು ಕೂಡಿಸಿದರೆ ಪದದ ಅಗಲವೂ ಬರುವುದಿಲ್ಲ. ಪದವನ್ನು ಇಡಿಯಾಗಿ ಅಳೆಯಿರಿ, ಇಡಿಯಾಗಿ ಬರೆಯಿರಿ. ಮೌಸ್ ಎಲ್ಲಿ ಕ್ಲಿಕ್ ಆಯಿತು, ಕರ್ಸರ್ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗಳನ್ನು ‘ಟೆಕ್ಸ್ಟ್‌ಲೇಔಟ್’‌ಗೆ ಕೇಳಿ.

ಫಾಂಟ್‌ನಲ್ಲಿ ಕನ್ನಡವೇ ಇಲ್ಲದಿದ್ದರೆ ಬರುವುದು ಖಾಲಿ ಡಬ್ಬಿಗಳು. ‘ಕ್ಯಾನ್‌ಡಿಸ್‌ಪ್ಲೇಅಪ್‌ಟು’ ಮೆಥಡ್ -1 ಕೊಟ್ಟರೆ ಪದದ ಎಲ್ಲವೂ ಆ ಫಾಂಟ್‌ನಲ್ಲಿ ಇದೆ ಎಂದರ್ಥ. ಬಳಕೆದಾರರ ಕಂಪ್ಯೂಟರಿನಲ್ಲಿ ಏನಿದೆಯೋ ಎಂದು ಊಹಿಸುತ್ತ ಕೂರುವುದಕ್ಕಿಂತ, ಮುಕ್ತ ಪರವಾನಗಿಯ ನೋಟೊ ಸಾನ್ಸ್ ಕನ್ನಡದಂಥ ಫಾಂಟನ್ನು ಪ್ರೋಗ್ರಾಂ ಜೊತೆಗೇ ಕೊಟ್ಟು ಲೋಡ್ ಮಾಡುವುದು ವಾಸಿ.